‘ಪಾ ಮೆಶ್’: ಹೆಸರಿಲ್ಲದ ಹುಡುಗನ ಮಾತು

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಮಕ್ಕಳ ಭಾವಚಿತ್ರವೆಂದರೆ ಬಹುಮಟ್ಟಿಗೆ ಸಿರಿವಂತರ ಮನೆಯ ಸಂಗತಿ. ರೇಷ್ಮೆಯ ಉಡುಪು, ಕೈಯಲ್ಲೊಂದು ಆಟಿಕೆ, ಕಾಲಬಳಿ ಸಾಕುನಾಯಿ. ಹಣ ಕೊಟ್ಟ ತಂದೆಯ ನೆರಳು ಚೌಕಟ್ಟಿನ ಹೊರಗೆ. ಫ್ರಾನ್ಸಿನ ಜೂಲ್ ಬಾಸ್ತಿಯಾಂ-ಲೆಪಾಜ್ 1882ರಲ್ಲಿ ಬರೆದ ‘ಪಾ ಮೆಶ್’ ಚಿತ್ರದ ಹುಡುಗನಲ್ಲಿಯೂ ಎರಡು ವಸ್ತುಗಳಿವೆ: ಚಾವಟಿ ಮತ್ತು ಕೊಂಬು. ಅವು ಆಟಿಕೆಗಳಲ್ಲ. ದಂಡೆಯ ಮೇಲೆ ನಡೆಯುವ ಕುದುರೆಗಳು ಹಗ್ಗ ಕಟ್ಟಿ ಕಾಲುವೆಯ ಸರಕುದೋಣಿಗಳನ್ನು ಎಳೆಯುತ್ತಿದ್ದ ಕಾಲವದು. ಕುದುರೆಗಳನ್ನು ಹೊಡೆಯಲು ಚಾವಟಿ. ದೋಣಿ ಬರುತ್ತಿದೆಯೆಂದು ಮುಂದಿನ ನೀರುಬಾಗಿಲಿನ ಕಾವಲುಗಾರನಿಗೆ ತಿಳಿಸಲು ಕೊಂಬು.

ಚಿತ್ರವೀಗ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ನಾವು ಕಂಡಿರುವುದು ಅಚ್ಚಿನ ಪ್ರತಿಯನ್ನು ಮಾತ್ರ. ಅದರಲ್ಲಿಯೂ ಆ ಕಣ್ಣುಗಳಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹರಿದ ಬಟ್ಟೆ, ಭಾರವಾದ ಬೂಟು. ಆದರೆ ನೋಟದಲ್ಲಿ ಬೇಡಿಕೆಯಿಲ್ಲ. ನಮ್ಮನ್ನೇ ಅಳೆಯುತ್ತ ನಿಂತಿದ್ದಾನೆ. ಮುಖವನ್ನೂ ಬಟ್ಟೆಯನ್ನೂ ಎಳೆಎಳೆಯಾಗಿ ಬಿಡಿಸಿರುವ ಕುಂಚ, ಹಿಂದಿನ ಹಸುರಿಗೆ ಬಂದಾಗ ಸಡಿಲವಾಗಿದೆ. ಊರು ಮಸುಕು, ಹುಡುಗ ಸ್ಪಷ್ಟ. ಇದನ್ನು ದೋಷವೆನ್ನುವವರುಂಟು, ನಮಗೆ ಹಾಗೆ ತೋರದು.

ಇನ್ನೊಂದು ಆಕ್ಷೇಪ ಮಾತ್ರ ಸುಲಭವಾಗಿ ಬಗೆಹರಿಯುವಂಥದಲ್ಲ. ಬಡಮಕ್ಕಳನ್ನು ಚೆಲುವಾಗಿ ಬರೆದು ನಗರದ ಪ್ರದರ್ಶನದಲ್ಲಿಟ್ಟರೆ ನೋಡುವವರಿಗೆ ಒಂದು ನಿಟ್ಟುಸಿರಿನ ಸುಖ ದೊರೆಯುತ್ತದೆ, ಹುಡುಗನಿಗೆ ದೊರೆಯುವುದೇನು? ಈ ಕಲಾವಿದನದು ಜನರ ರುಚಿಗೆ ಒಗ್ಗಿಸಿದ ಹೊಸತನವೆಂದು ಕಾದಂಬರಿಕಾರ ಜೋಲಾ ಅಂದೇ ಚುಚ್ಚಿದ್ದನು. ಕುದುರೆಗಳ ಹಿಂದೆ ಧೂಳಿನಲ್ಲಿ ನಡೆದವನ ಮುಖ ಇಷ್ಟು ಕಾಂತಿಯಿಂದಿರುವುದೇ ಎಂಬ ಸಂಶಯ ನಮಗೂ ಇದೆ. ಆದರೂ ಬಾಸ್ತಿಯಾಂ-ಲೆಪಾಜ್ ಹೊರಗಿನಿಂದ ಬಂದು ಬಡತನವನ್ನು ಆಯ್ದುಕೊಂಡು ಹೋದವನಲ್ಲ. ಲೊರೇನ್ ಪ್ರಾಂತದ ದಾಂವಿಲೆ ಎಂಬ ಹಳ್ಳಿಯಲ್ಲಿ 1848ರಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಹೆಸರು ಮಾಡಿದ ಮೇಲೂ ಚಿತ್ರ ಬರೆಯಲು ಊರಿಗೇ ಮರಳುತ್ತಿದ್ದವನು. 1884ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡನು.

ನಮ್ಮ ದೃಷ್ಟಿಯಲ್ಲಿ ಆ ಆಕ್ಷೇಪಕ್ಕೆ ಉತ್ತರವಿರುವುದು ಶೀರ್ಷಿಕೆಯಲ್ಲಿ. ಹುಡುಗನ ಹೆಸರು ಅಲ್ಲಿಲ್ಲ. ‘ಬಡ ಬಾಲಕ’ ಎಂಬ ಕನಿಕರವೂ ಇಲ್ಲ. ಇರುವುದು ಬೀದಿಯ ಒಂದು ಮಾತು. ಫ್ರೆಂಚಿನಲ್ಲಿ ‘ಮೆಶ್’ ಎಂದರೆ ದೀಪದ ಬತ್ತಿ. ಪದಕ್ಕೆ ಪದವಿಟ್ಟು ‘ಬತ್ತಿಯಿಲ್ಲ’ ಎಂದರೆ ಕೆಟ್ಟಿತು! ಅದು ಬಳಕೆಯಲ್ಲಿ, ಕೇಳಿದ್ದನ್ನು ತಳ್ಳಿಹಾಕುವ ಮಾತು. ‘ಸಾಧ್ಯವಿಲ್ಲ’ ಎಂದು ಬರೆದು ನೋಡಿದೆವು. ಹುಡುಗ ಕಚೇರಿಯ ಗುಮಾಸ್ತನಾದನು. ‘ಆಗದು’ ಎಂದರೆ ಪಂಡಿತನಾದನು. ಕಡೆಗೆ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ನಮ್ಮ ಮನೆಮಾತೇ ನೆರವಿಗೆ ಬಂದಿತು. ಮಕ್ಕಳು ಹಾಗೆಂದಾಗ ‘ಶುದ್ಧವಾಗಿ ಮಾತಾಡು’ ಎಂದು ನಾವೇ ತಿದ್ದುವ ಮಾತದು. ಚಾವಟಿ ಹಿಡಿದ ಆ ಹುಡುಗನ ಬಾಯಲ್ಲಿ ಅದು ಸರಿಯಾಗಿ ಕೂತಿತು: ‘ಏ, ಆಗಂಗಿಲ್ಲ ಹೋಗ್ರಿ.’