ಪೀಟ್ ಸೀಗರ್: ಎಲ್ಲರ ಹಾಡು, ಯಾರ ಹೆಸರು?

ಪೀಟ್ ಸೀಗರ್ ದೊಡ್ಡ ಕಂಠದ ಗಾಯಕರಲ್ಲ. ಅಮೆರಿಕದ ಈ ಜನಪದ ಹಾಡುಗಾರರ (1919–2014) ಧ್ವನಿಮುದ್ರಿಕೆಗಳನ್ನು ಒಬ್ಬರೇ ಕೂತು ಕೇಳಿದರೆ ಇದು ಬೇಗ ತಿಳಿಯುತ್ತದೆ. ತೆಳುವಾದ, ನೇರವಾದ ದನಿ, ಜೊತೆಗೊಂದು ಬ್ಯಾಂಜೋ. ಆದರೆ 1963ರ ಜೂನ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಅವರ ಕಛೇರಿಯನ್ನು ಕೇಳಿದಾಗ ನನ್ನ ಅಳತೆಗೋಲೇ ಬದಲಾಗಬೇಕಾಯಿತು. ಸೀಗರ್ ಮುಂದಿನ ಸಾಲನ್ನು ಥಟ್ಟನೆ ಮಾತಿನಲ್ಲಿ ಹೇಳಿಬಿಡುತ್ತಾರೆ, ಸಭೆ ಅದನ್ನು ಎತ್ತಿಕೊಳ್ಳುತ್ತದೆ. ನಮ್ಮ ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲು ಹೇಳಿದಾಗ ಉಳಿದವರು ದನಿಗೂಡಿಸುವ ಹಾಗೆ. ಸಭೆಯ ದನಿ ಬಲಗೊಂಡಂತೆ ಇವರದು ಹಿಂದೆ ಸರಿಯುತ್ತದೆ. ಹಾಡುವುದಕ್ಕಿಂತ ಹಾಡಿಸುವುದೇ ಅವರ ಕಲೆ.

ಎಪ್ಪತ್ತು ವರ್ಷಗಳಿಗೂ ಮೀರಿದ ಈ ವೃತ್ತಿಜೀವನದ ಹಾದಿ ಸುಗಮವಾಗಿರಲಿಲ್ಲ. ತಂದೆ ಚಾರ್ಲ್ಸ್ ಸೀಗರ್ ಸಂಗೀತಶಾಸ್ತ್ರಜ್ಞರು. ಮಗ ಹಾರ್ವರ್ಡ್‌ನ ಓದನ್ನು ಅರ್ಧಕ್ಕೆ ಬಿಟ್ಟು ವುಡಿ ಗುತ್ರಿಯ ಜೊತೆ ಊರೂರು ಅಲೆದವರು. 1950ರಲ್ಲಿ ಅವರ 'ವೀವರ್ಸ್' ತಂಡ ಹಾಡಿದ 'ಗುಡ್‌ನೈಟ್ ಐರೀನ್' 13 ವಾರ ಜನಪ್ರಿಯತೆಯ ಪಟ್ಟಿಯ ತುದಿಯಲ್ಲಿತ್ತು. ಅದನ್ನು ಲೋಕಕ್ಕೆ ಕೊಟ್ಟ ಕಪ್ಪು ಗಾಯಕ ಲೆಡ್ ಬೆಲ್ಲಿ ಆ ಗೆಲುವನ್ನು ನೋಡಲಿಲ್ಲ. 1949ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಕಮ್ಯುನಿಸ್ಟರ ಬೇಟೆಯ ಕಾಲ ಬಂತು. 1955ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ನಿಂತ ಸೀಗರ್, ತಮ್ಮ ನಂಬಿಕೆಗಳ ಬಗ್ಗೆ ಉತ್ತರಿಸಲು ಒಪ್ಪಲಿಲ್ಲ. 1961ರಲ್ಲಿ ಒಂದು ವರ್ಷದ ಶಿಕ್ಷೆ ವಿಧಿಸಲಾಯಿತು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಟಿವಿಯ ಬಾಗಿಲು ಮುಚ್ಚಿದ ಆ ವರ್ಷಗಳಲ್ಲಿ ಅವರು ಶಾಲೆ, ಕಾಲೇಜು, ಮಕ್ಕಳ ಶಿಬಿರಗಳಲ್ಲಿ ಹಾಡಿದರು. ಅಲ್ಲಿ ಕೇಳಿದ ಮಕ್ಕಳೇ ಮುಂದೆ ಅರವತ್ತರ ದಶಕದ ಹಾಡಿನ ಅಲೆಯ ಕೇಳುಗರಾದರು. ನಿಷೇಧವೇ ಅವರನ್ನು ಮೇಷ್ಟರನ್ನಾಗಿಸಿತು ಎಂದು ನಾನು ತಿಳಿಯುತ್ತೇನೆ.

ಇಷ್ಟಕ್ಕೇ ನಿಂತರೆ ಇದು ಹೊಗಳಿಕೆಯಾಗುತ್ತದೆ, ವಿಮರ್ಶೆಯಾಗುವುದಿಲ್ಲ. ಹಾಡು ಎಲ್ಲರದು ಎಂದು ನಂಬಿ ಬದುಕಿದವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಎಲ್ಲರದಾಗುವ ಮೊದಲು ಅದು ಯಾರದಾಗಿತ್ತು? ಸೀಗರ್ ಮುಟ್ಟಿದ ಎರಡು ಹಾಡುಗಳು ಎರಡು ಉತ್ತರ ಕೊಡುತ್ತವೆ.

ಮೊದಲನೆಯದು 'ಎಂಬುಬೆ'. ದಕ್ಷಿಣ ಆಫ್ರಿಕಾದ ಜುಲು ಗಾಯಕ ಸಾಲೊಮನ್ ಲಿಂಡಾ 1939ರಲ್ಲಿ ಅದನ್ನು ಮುದ್ರಿಸಿದರು. ಹಕ್ಕಿಗೆ ಅವರಿಗೆ ಸಿಕ್ಕಿದ್ದು 10 ಶಿಲ್ಲಿಂಗ್ ಎನ್ನುತ್ತಾರೆ. ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೊಟ್ಟ ತಟ್ಟೆಯನ್ನು ಕೇಳಿ ಕೇಳಿ ಸೀಗರ್ ಬರೆದುಕೊಂಡರು. 'ಉಯಿಂಬುಬೆ' ಎಂಬ ಮಾತು ಅವರ ಕಿವಿಗೆ 'ವಿಮೊವೆ' ಎಂದು ಬಿತ್ತು, ಅದೇ ಹೆಸರಾಯಿತು. ವೀವರ್ಸ್ ತಂಡದ ತಟ್ಟೆಯ ಮೇಲೆ ಅಚ್ಚಾದದ್ದು 'ಪಾಲ್ ಕ್ಯಾಂಪ್‌ಬೆಲ್' ಎಂಬ ಹೆಸರು. ಅಂಥ ಮನುಷ್ಯನೇ ಇರಲಿಲ್ಲ, ಅದು ತಂಡದವರ ಗುಪ್ತನಾಮ. ಸಂಗತಿ ತಿಳಿದ ಮೇಲೆ ಸೀಗರ್ ಲಿಂಡಾಗೆ ಸಾವಿರ ಡಾಲರ್ ಕಳಿಸಿದರು ನಿಜ. ಆದರೆ ಮುಂದೆ ಬೇರೆಯವರು ಅದನ್ನೇ 'ದಿ ಲಯನ್ ಸ್ಲೀಪ್ಸ್ ಟುನೈಟ್' ಮಾಡಿ ಕೋಟಿಗಟ್ಟಲೆ ದುಡಿದರು. ಲಿಂಡಾ 1962ರಲ್ಲಿ ಬಡವರಾಗಿಯೇ ಸತ್ತರು. ಅವರ ಹೆಣ್ಣುಮಕ್ಕಳಿಗೆ ನ್ಯಾಯ ಸಿಗಲು 2006 ಬರಬೇಕಾಯಿತು.

ಎರಡನೆಯದು ನಾವು ಕನ್ನಡದಲ್ಲೂ ಹಾಡುವ 'ವಿ ಷಲ್ ಓವರ್‌ಕಮ್'. ಚಾರ್ಲ್ಸ್ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕಪ್ಪು ಹೆಂಗಸರು ಅದನ್ನು ಹಾಡುತ್ತಿದ್ದರು. ಅವರಿಂದ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು, ಅವರಿಂದ ಸೀಗರ್. 'ವಿಲ್' ಇದ್ದಲ್ಲಿ 'ಷಲ್' ಬಂದದ್ದು ಆಮೇಲೆ. 1960ರಲ್ಲಿ ಗೈ ಕ್ಯಾರವಾನ್ ಅದನ್ನು ದಕ್ಷಿಣದ ವಿದ್ಯಾರ್ಥಿ ಹೋರಾಟಗಾರರಿಗೆ ಹೇಳಿಕೊಟ್ಟರು. ಹಕ್ಕುಸ್ವಾಮ್ಯದ ಪತ್ರದಲ್ಲಿ ನಾಲ್ಕು ಹೆಸರುಗಳಿವೆ, ಮುಷ್ಕರದ ಆ ಹೆಂಗಸರದಿಲ್ಲ. ಆದರೂ ಒಂದು ವ್ಯತ್ಯಾಸವಿದೆ: ಬಂದ ಹಣ ಆ ನಾಲ್ವರಿಗೆ ಸೇರದೆ, ದಕ್ಷಿಣದ ಕಪ್ಪು ಜನರ ಕೆಲಸಗಳಿಗೆಂದು ಕಟ್ಟಿದ ನಿಧಿಗೆ ಹೋಯಿತು.

ಈ ಎರಡು ಹಾಡುಗಳ ನಡುವಿನ ದೂರವೇ ಸೀಗರ್ ಎಂಬ ಕಲಾವಿದ ಬೆಳೆದ ದೂರ. ತಾನು ಸರಪಳಿಯ ಒಂದು ಕೊಂಡಿ ಮಾತ್ರ ಎಂಬರ್ಥದ ಮಾತನ್ನು ಅವರು ಮತ್ತೆ ಮತ್ತೆ ಆಡುತ್ತಿದ್ದರು. ವಿನಯದ ಮಾತು ಅದು, ಆದರೆ ವಿನಯ ಸಾಲದು. ಕೊಂಡಿ ಎಂದುಕೊಂಡವರು ಹಿಂದಿನ ಕೊಂಡಿಗೆ ಎಷ್ಟು ಸಂದಿತು ಎಂದು ಲೆಕ್ಕ ನೋಡಬೇಕು. ಎರಡನೆಯ ಹಾಡಿನಲ್ಲಿ ಆ ಲೆಕ್ಕ ಅರ್ಧವಾದರೂ ತೀರಿತು. ಮೊದಲನೆಯದರಲ್ಲಿ ಒಳ್ಳೆಯ ಮನಸ್ಸೊಂದೇ ಸಾಕಾಗಲಿಲ್ಲ.

ಇದನ್ನು ದೂರದ ಅಮೆರಿಕದ ಕತೆಯೆಂದು ನಾನು ಓದಲಾರೆ. ನಮ್ಮ ಎಷ್ಟೋ ಕ್ಯಾಸೆಟ್ಟುಗಳ ಮೇಲೆ ರಚನೆಕಾರರ ಜಾಗದಲ್ಲಿ 'ಜನಪದ' ಎಂದಿರುತ್ತದೆ. ಗೌರವದ ಪದವೇ. ಆದರೆ ಅದರ ಹಿಂದೆ ಬೀಸುಕಲ್ಲಿನ ಮುಂದೆ, ನಾಟಿ ಗದ್ದೆಯಲ್ಲಿ ಹಾಡಿಕೊಟ್ಟ ಒಬ್ಬಾಕೆ ಇರುತ್ತಾಳೆ. ಬರೆದುಕೊಂಡವರ ಹೆಸರು ಉಳಿದ ಕಡೆಗಳಲ್ಲೂ ಅವಳದು ಎಷ್ಟೋ ಸಲ ಉಳಿದಿಲ್ಲ. ಸೀಗರ್ ಅವರ ದೀರ್ಘ ವೃತ್ತಿಯಿಂದ ನಮಗೆ ಕಲಿಯಲು ಎರಡು ಸಂಗತಿಗಳಿವೆ. ಸಭೆಯ ದನಿ ಏರಿದಾಗ ನಮ್ಮ ದನಿ ತಗ್ಗಿಸುವುದು ಒಂದು. ಹಾಡಿಕೊಟ್ಟವಳ ಹೆಸರನ್ನು, ಊರನ್ನು ಹಾಡಿನ ಜೊತೆಗೇ ಬರೆದಿಡುವುದು ಇನ್ನೊಂದು. ಮೊದಲನೆಯದನ್ನು ಅವರು ಹಾಡುತ್ತಲೇ ಕಲಿಸಿದರು, ಎರಡನೆಯದನ್ನು ಅವರ ಬಾಕಿಯಿಂದ ನಾವೇ ಕಲಿಯಬೇಕು.