403 ಹೊಸ ಕಣಜಗಳು: ಹೆಸರು ಸಿಕ್ಕಿದೆ, ಗುರುತು?

ಒಂದೇ ಪ್ರಬಂಧದಲ್ಲಿ 403 ಹೊಸ ಪ್ರಭೇದಗಳಿಗೆ ಹೆಸರಿಡುವುದು ಪ್ರಾಣಿ ವರ್ಗೀಕರಣದಲ್ಲಿ ಅಪರೂಪ. 2021ರ ಫೆಬ್ರವರಿಯಲ್ಲಿ ‘ಝೂಕೀಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯ 1013ನೇ ಸಂಚಿಕೆಯಾಗಿ ಇಂಥದೊಂದು ಪ್ರಬಂಧ ಹೊರಬಂದಿತು. ಮೈಕೆಲ್ ಶಾರ್ಕಿ, ಡೇನಿಯಲ್ ಜಾನ್ಜನ್, ವಿನಿಫ್ರೆಡ್ ಹಾಲ್ವಾಕ್ಸ್ ಹಾಗೂ ಅವರ ಸಂಗಡಿಗರು ಬರೆದ ಈ 665 ಪುಟಗಳ ಕೃತಿ ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಬ್ರಾಕೊನಿಡೀ ಕುಟುಂಬದ ಕಣಜಗಳನ್ನು ಕುರಿತದ್ದು. 11 ಉಪಕುಟುಂಬಗಳಿಗೆ ಸೇರಿದ 416 ಪ್ರಭೇದಗಳು ಇದರಲ್ಲಿವೆ. ಅವುಗಳಲ್ಲಿ 13ನ್ನು ಬಿಟ್ಟರೆ ಉಳಿದವೆಲ್ಲ ವಿಜ್ಞಾನಕ್ಕೆ ಹೊಸವು.

ಲೇಖಕರು ಅನುಸರಿಸಿದ್ದು ‘ಕನಿಷ್ಠ ವಿವರಣೆ’ಯ ವಿಧಾನ. ಪ್ರಕಟವಾದಂದಿನಿಂದ ಈ ವಿಧಾನ ತೀವ್ರ ಚರ್ಚೆಗೆ ಒಳಗಾಗಿದೆ. ಇದು ತಜ್ಞರ ಒಳಜಗಳ ಎಂದು ನಾವು ಪಕ್ಕಕ್ಕೆ ಸರಿಸುವಂತಿಲ್ಲ. ಹೊಸ ಪ್ರಭೇದ ಎಂದು ಯಾವುದನ್ನು ಕರೆಯಬೇಕು? ಅದನ್ನು ಮತ್ತೆ ಕಂಡಾಗ ಯಾರು ಗುರುತಿಸಬಲ್ಲರು? ಯಾವ ಕೀಟ ಎಲ್ಲಿದೆ ಎಂಬ ದಾಖಲೆ ಎಷ್ಟು ಗಟ್ಟಿ? ಜೀವವಿಜ್ಞಾನವನ್ನು ಕಲಿಸುವವರಿಗೂ ಕಲಿಯುವವರಿಗೂ ಈ ಪ್ರಶ್ನೆಗಳು ಸಂಬಂಧಪಟ್ಟವು. ಆದ್ದರಿಂದ ಈ ಕೃತಿಯ ಗುಣದೋಷಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅವಸರಕ್ಕೆ ಕಾರಣವಿದೆ

ಕಣಜ ಎಂದೊಡನೆ ನಮಗೆ ನೆನಪಾಗುವುದು ಸೂರಿನ ಕೆಳಗೆ ಗೂಡು ಕಟ್ಟಿ, ಹತ್ತಿರ ಹೋದರೆ ಕುಟುಕುವ ಹುಳು. ಆದರೆ ಕಣಜಗಳಲ್ಲಿ ಬಹುಪಾಲು ಇಂಥವಲ್ಲ. ಅವು ಕೆಲವೇ ಮಿಲಿಮೀಟರ್ ಉದ್ದದ, ಕಣ್ಣಿಗೆ ಬಿದ್ದರೂ ಗಮನಕ್ಕೆ ಬಾರದ ಕೀಟಗಳು. ಬೇರೆ ಕೀಟಗಳ ಮೊಟ್ಟೆ, ಮರಿಹುಳು ಅಥವಾ ಕೋಶಗಳ ಮೇಲೋ ಒಳಗೋ ಅವು ಮೊಟ್ಟೆ ಇಡುತ್ತವೆ. ಹೊರಬಂದ ಮರಿ ಆತಿಥೇಯ ಕೀಟವನ್ನೇ ತಿಂದು ಬೆಳೆದು ಕೊನೆಗೆ ಅದನ್ನು ಕೊಲ್ಲುತ್ತದೆ. ನಮ್ಮ ಕೃಷಿ ಇಲಾಖೆಗಳು ‘ಪರೋಪಜೀವಿ’ ಎಂದು ಕರೆಯುವುದು ಇವನ್ನೇ.

ಬ್ರಾಕೊನಿಡೀ ಕುಟುಂಬವೊಂದರಲ್ಲೇ 20 ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ. ಹೆಸರಿಲ್ಲದೆ ಉಳಿದವು ಇನ್ನೂ ಹೆಚ್ಚು. ಪ್ರಾಣಿಲೋಕದಲ್ಲಿ ಅತಿ ಹೆಚ್ಚು ಪ್ರಭೇದಗಳಿರುವ ಗಣ ಜೀರುಂಡೆಗಳದು ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಆದರೆ ಆಂಡ್ರ್ಯೂ ಫೋರ್ಬ್ಸ್ ಮತ್ತು ಸಂಗಡಿಗರು 2018ರಲ್ಲಿ ಮಾಡಿದ ಅಂದಾಜಿನ ಪ್ರಕಾರ, ಕಣಜ, ಇರುವೆ ಮತ್ತು ಜೇನುಗಳು ಸೇರಿದ ಹೈಮೆನಾಪ್ಟೆರ ಗಣದಲ್ಲಿ ಜೀರುಂಡೆಗಳ 2.5ರಿಂದ 3.2 ಪಟ್ಟು ಪ್ರಭೇದಗಳಿರಬಹುದು. ಈ ಹೆಚ್ಚಳಕ್ಕೆ ಪರೋಪಜೀವಿ ಕಣಜಗಳೇ ಕಾರಣ. ಇತ್ತ ಉಷ್ಣವಲಯದ ಕಾಡುಗಳು ಕರಗುತ್ತಿವೆ. ಒಂದೊಂದು ಪ್ರಭೇದವನ್ನೂ ಸಾವಧಾನವಾಗಿ ವರ್ಣಿಸುತ್ತ ಕುಳಿತರೆ ಹೆಸರು ಪಡೆಯುವ ಮೊದಲೇ ಎಷ್ಟೋ ಜೀವಿಗಳು ಅಳಿಯುತ್ತವೆ. ಶಾರ್ಕಿ ತಂಡದ ಈ ಕಳವಳ ನ್ಯಾಯವಾದದ್ದು.

ಕೃತಿಯ ಬಲ

ಈ ಕೃತಿಯ ಹಿಂದೆ ದಶಕಗಳ ಕ್ಷೇತ್ರಕಾರ್ಯವಿದೆ. ಕೋಸ್ಟರಿಕದ ವಾಯವ್ಯ ಭಾಗದ ಗ್ವಾನಕಾಸ್ಟೆ ಸಂರಕ್ಷಿತ ಪ್ರದೇಶದಲ್ಲಿ ಒಣ ಕಾಡು, ಮಳೆಕಾಡು ಮತ್ತು ಮಂಜು ಕವಿಯುವ ಬೆಟ್ಟದ ಕಾಡು ಒಂದರ ಪಕ್ಕ ಒಂದಿವೆ. ಜಾನ್ಜನ್ ಮತ್ತು ಹಾಲ್ವಾಕ್ಸ್ ಅಲ್ಲಿ 1970ರ ದಶಕದ ಕೊನೆಯಿಂದ ಕಂಬಳಿಹುಳುಗಳನ್ನು ಸಾಕಿ ದಾಖಲಿಸುವ ಕೆಲಸ ನಡೆಸಿದ್ದಾರೆ. ತರಬೇತಿ ಪಡೆದ ಸ್ಥಳೀಯರು ಕಾಡಿನಿಂದ ಹುಳುಗಳನ್ನು ತಂದು, ಅವು ತಿನ್ನುತ್ತಿದ್ದ ಗಿಡದ ಎಲೆಯನ್ನೇ ಕೊಟ್ಟು ಸಾಕುತ್ತಾರೆ. ಕೆಲವು ಹುಳು ಚಿಟ್ಟೆಯಾಗುತ್ತವೆ, ಕೆಲವುಗಳಿಂದ ಕಣಜ ಹೊರಬರುತ್ತದೆ. ಪ್ರತಿ ಹುಳುವಿಗೂ ಒಂದು ಸಂಖ್ಯೆ. ಅದರೊಂದಿಗೆ ಸ್ಥಳ, ದಿನಾಂಕ, ಆಹಾರ ಸಸ್ಯದ ದಾಖಲೆ. 2021ರ ಕೃತಿಯಲ್ಲಿ 219 ಪ್ರಭೇದಗಳಿಗೆ ಆತಿಥೇಯ ಯಾವುದೆಂಬ ಮಾಹಿತಿ ಇರುವುದು ಈ ಶ್ರಮದ ಫಲ. ಬಲೆಗೆ ಬಿದ್ದ ಕಣಜ ಅಲ್ಲಿತ್ತು ಎಂಬುದನ್ನಷ್ಟೇ ತಿಳಿಸುತ್ತದೆ. ಸಾಕಿದ ಹುಳುವಿನಿಂದ ಬಂದ ಕಣಜ ಅದು ಅಲ್ಲಿ ಹೇಗೆ ಬದುಕುತ್ತಿತ್ತು ಎಂಬುದನ್ನೂ ತಿಳಿಸುತ್ತದೆ.

ಡಿಎನ್‌ಎ ಬಾರ್‌ಕೋಡ್ ಈ ಕಾಡಿನಲ್ಲಿ ಈಗಾಗಲೇ ದೊಡ್ಡ ಉಪಕಾರ ಮಾಡಿದೆ. ಕಣಜದ ಒಂದು ಕಾಲನ್ನು ಬಳಸಿ, ಮೈಟೋಕಾಂಡ್ರಿಯದ ಸಿಒಐ ಎಂಬ ಜೀನ್‌ನ ಸುಮಾರು 658 ಅಕ್ಷರಗಳ ತುಣುಕನ್ನು ಓದುವುದೇ ಬಾರ್‌ಕೋಡ್ ವಿಧಾನ. 2008ರಲ್ಲಿ ಅಲೆಕ್ಸ್ ಸ್ಮಿತ್ ಮತ್ತು ಸಂಗಡಿಗರು ಗ್ವಾನಕಾಸ್ಟೆಯ 2,597 ಕಣಜಗಳನ್ನು ಹೀಗೆ ಪರೀಕ್ಷಿಸಿದರು. ಹೊರರೂಪದಿಂದ ಎಣಿಸಿದಾಗ ತಾತ್ಕಾಲಿಕ ಪ್ರಭೇದಗಳು 171 ಇದ್ದವು. ಬಾರ್‌ಕೋಡ್ ಇನ್ನೂ 142ನ್ನು ತೋರಿಸಿಕೊಟ್ಟಿತು. ಒಟ್ಟು 313ರಲ್ಲಿ ಶೇಕಡ 90ಕ್ಕೂ ಹೆಚ್ಚು ಪ್ರಭೇದಗಳು ಒಂದೋ ಎರಡೋ ಬಗೆಯ ಕಂಬಳಿಹುಳುಗಳನ್ನು ಮಾತ್ರ ಆಶ್ರಯಿಸುತ್ತವೆ ಎಂಬುದೂ ತಿಳಿಯಿತು. ಕಣ್ಣಿಗೆ ಒಂದೇ ಎಂದು ಕಾಣುವುದು ಒಂದೇ ಆಗಿರಬೇಕಿಲ್ಲ ಎಂಬ ಪಾಠ ಇದರಲ್ಲಿದೆ. ಹೀಗಾಗಿ ಬಾರ್‌ಕೋಡ್ ಬೇಕೆ ಬೇಡವೆ ಎಂಬುದು ಇಲ್ಲಿನ ವಿವಾದವಲ್ಲ. ಅದೊಂದೇ ಸಾಕೆ ಎಂಬುದು ವಿವಾದ.

ವಿವರಣೆ ಎಲ್ಲಿದೆ?

2021ರ ಕೃತಿಯಲ್ಲಿ ಬಹುಪಾಲು ಹೊಸ ಪ್ರಭೇದಗಳಿಗೆ ಕೊಟ್ಟಿರುವುದು ಇಷ್ಟು: ಮಾದರಿ ಕಣಜದ ಪಕ್ಕದಿಂದಲೋ ಮೇಲಿನಿಂದಲೋ ತೆಗೆದ ಒಂದು ಚಿತ್ರ, ಆ ಗುಂಪಿನ ಕಣಜಗಳ ಬಾರ್‌ಕೋಡ್‌ಗಳನ್ನು ಕೂಡಿಸಿ ಪಡೆದ ಒಂದು ಅನುಕ್ರಮ, ಬಾರ್‌ಕೋಡ್ ಕೋಶದಲ್ಲಿ ಆ ಗುಂಪಿಗೆ ಗಣಕ ಕೊಟ್ಟ ಸಂಖ್ಯೆ, ಮತ್ತು ಮಾದರಿ ಸಿಕ್ಕ ಸ್ಥಳ ಇತ್ಯಾದಿ ಅಗತ್ಯ ವಿವರ. ಕುಲಗಳನ್ನು ಗುರುತಿಸಲು ಕೀಲಿಗಳಿವೆ, ಅವು ಉಪಯುಕ್ತವಾಗಿವೆ. ಕುಲದಿಂದ ಪ್ರಭೇದಕ್ಕೆ ಇಳಿಯುವಾಗ ಓದುಗರ ಕೈಯಲ್ಲಿ ಉಳಿಯುವುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಉದ್ದನೆಯ ಸಾಲು.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಇಲ್ಲಿ ಒಂದು ನಿಯಮವನ್ನು ಹೇಳುತ್ತದೆ. 1930ರ ನಂತರ ಪ್ರಕಟವಾಗುವ ಹೊಸ ಹೆಸರಿನ ಜೊತೆಗೆ, ಆ ಜೀವಿಯನ್ನು ಇತರವುಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತುಗಳಲ್ಲಿ ಹೇಳಿರಬೇಕು ಅಥವಾ ಹಾಗೆ ಹೇಳಿದ ಹಿಂದಿನ ಬರಹವನ್ನು ಉಲ್ಲೇಖಿಸಿರಬೇಕು. ಅಕ್ಷರಗಳ ಸಾಲು ಒಂದು ಪ್ರಭೇದದ ಬಾರ್‌ಕೋಡ್ ಹೀಗಿದೆ ಎಂದು ಹೇಳುತ್ತದೆ; ಪಕ್ಕದ ಪ್ರಭೇದಕ್ಕಿಂತ ಯಾವ ಸ್ಥಾನದಲ್ಲಿ ಬೇರೆ ಎಂದು ತಾನಾಗಿ ಹೇಳುವುದಿಲ್ಲ. ಮುಂದೆ ಸಿಗುವ ಕಣಜದಲ್ಲಿ ಎರಡು ಅಕ್ಷರ ಬದಲಾಗಿದ್ದರೆ ಅದು ಇದೇ ಪ್ರಭೇದವೇ ಎಂದು ಹೇಗೆ ತೀರ್ಮಾನಿಸುವುದು? ಇದಕ್ಕೆ ಕೃತಿಯಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ.

ರುಡಾಲ್ಫ್ ಮೈಯರ್ ಮತ್ತು ಸಂಗಡಿಗರು ಇದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿ 2022ರಲ್ಲಿ ‘ಕ್ಲಾಡಿಸ್ಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಣಕ ಮಾಡಿದ 390 ಗುಂಪುಗಳಲ್ಲಿ 387 ಹಾಗೆಯೇ ಪ್ರಭೇದಗಳಾಗಿದ್ದವು. ಗುಂಪು ಮಾಡುವ ಬೇರೆ ಸೂತ್ರಗಳನ್ನು ಬಳಸಿದಾಗ ಇವುಗಳಲ್ಲಿ ಹಲವು ಸ್ಥಿರವಾಗಿ ಉಳಿಯಲಿಲ್ಲ. ಅಲ್ಲದೆ ಮೂಲ ಗುಂಪುಗಳನ್ನು ಮಾಡಿದ ಸೂತ್ರ ಖಾಸಗಿ ಸ್ವತ್ತು. ಅದು ಸಾರ್ವಜನಿಕರಿಗೆ ತೆರೆದಿಡದ ದತ್ತಾಂಶವನ್ನೂ ಬಳಸುತ್ತದೆ ಎಂದು ಅವರು ಆಕ್ಷೇಪಿಸಿದರು. ಫಲಿತಾಂಶವನ್ನು ಬೇರೆಯವರು ಮರುಪರೀಕ್ಷೆ ಮಾಡಲು ಆಗಬೇಕು ಎಂಬುದು ನಾವು ಪ್ರೌಢಶಾಲೆಯಲ್ಲೇ ಕಲಿಸುವ ನಿಯಮ. ಈ ಆಕ್ಷೇಪ ತಳ್ಳಿಹಾಕುವಂಥದಲ್ಲ.

ಜೀವವಿಜ್ಞಾನದ ಕಾರಣವೂ ಇದೆ. ಮೈಟೋಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ಕೀಟಗಳ ಜೀವಕೋಶದೊಳಗೆ ವಾಸಿಸುವ ವೋಲ್ಬೇಕಿಯ ಎಂಬ ಬ್ಯಾಕ್ಟೀರಿಯ ಕೂಡ ಹಾಗೆಯೇ. ಈ ಬ್ಯಾಕ್ಟೀರಿಯ ಒಂದು ಸಮುದಾಯದಲ್ಲಿ ಹರಡುವಾಗ ತನ್ನ ಜೊತೆಯ ಮೈಟೋಕಾಂಡ್ರಿಯವನ್ನೂ ಹರಡುತ್ತದೆ. ಆಗ ಒಂದೇ ಪ್ರಭೇದ ಎರಡಾಗಿ ಕಾಣಬಹುದು. ಎರಡು ಪ್ರಭೇದಗಳು ಒಂದಾಗಿಯೂ ಕಾಣಬಹುದು. ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದೆಂಬುದು ಇದಕ್ಕೇ.

ಅದೇ ಕಾಡಿನ ಇನ್ನೊಂದು ಗ್ರಂಥ

ವೇಗವಾಗಿ ಸಾಗಬೇಕಾದರೆ ಬೇರೆ ದಾರಿಯೇ ಇಲ್ಲ ಎನ್ನುವವರು 2014ರಲ್ಲಿ ಅದೇ ‘ಝೂಕೀಸ್’ನಲ್ಲಿ ಬಂದ ಇನ್ನೊಂದು ಕೃತಿಯನ್ನು ನೋಡಬೇಕು. ಹೋಸೆ ಫೆರ್ನಾಂಡೆಜ್-ಟ್ರಿಯಾನ ಮತ್ತು ಸಂಗಡಿಗರು ಬ್ರಾಕೊನಿಡೀ ಕುಟುಂಬದ ಅಪಾಂಟೆಲಿಸ್ ಎಂಬ ಕುಲವನ್ನು ಕುರಿತು ಬರೆದದ್ದು ಅದು. ಕಾಡು ಅದೇ ಗ್ವಾನಕಾಸ್ಟೆ. ಹುಳು ಸಾಕಿದ ವ್ಯವಸ್ಥೆ ಅದೇ. ಜಾನ್ಜನ್ ಮತ್ತು ಹಾಲ್ವಾಕ್ಸ್ ಅದರಲ್ಲೂ ಸಹಲೇಖಕರು. ಅಲ್ಲಿಯೂ 186 ಹೊಸ ಪ್ರಭೇದಗಳಿವೆ, ಲಭ್ಯವಿದ್ದ ಕಡೆ ಬಾರ್‌ಕೋಡ್ ಕೂಡ ಇದೆ. ಆದರೆ ಪ್ರತಿಯೊಂದಕ್ಕೂ ಮಾತಿನ ವಿವರಣೆ ಇದೆ. ಮಧ್ಯ ಅಮೆರಿಕದ 205 ಪ್ರಭೇದಗಳನ್ನು 32 ಗುಂಪುಗಳಾಗಿ ವಿಂಗಡಿಸಿ, ಎಲ್ಲವನ್ನೂ ಗುರುತಿಸುವ ಕೀಲಿ ಇದೆ. ಮೊಟ್ಟೆ ಇಡುವ ಕೊಳವೆಯ ಕವಚ ಹಿಂಗಾಲಿನ ಭಾಗಕ್ಕೆ ಹೋಲಿಸಿದರೆ ಎಷ್ಟು ಉದ್ದ ಎಂಬಂಥ ಅಳತೆಗಳ ಅನುಪಾತಗಳಿವೆ. ಸೂಕ್ಷ್ಮದರ್ಶಕ ಮತ್ತು ತಾಳ್ಮೆ ಇರುವವರು ಈ ಗ್ರಂಥವನ್ನು ಬಳಸಬಹುದು. ವಿವರಣೆಗಳನ್ನು ಲೇಖಕರು ಕೈಯಿಂದ ಒಂದೊಂದಾಗಿ ಬರೆಯಲಿಲ್ಲ. ಲಕ್ಷಣಗಳ ಪಟ್ಟಿಯಿಂದ ಗಣಕ ಅವನ್ನು ಸಿದ್ಧಪಡಿಸಿತು. ಸಮಯ ಉಳಿಸುವ ಮಾರ್ಗ ಇಲ್ಲಿದೆ. 2014ರ ಕೃತಿಯ ವ್ಯಾಪ್ತಿ ಒಂದೇ ಕುಲ, 2021ರದು 11 ಉಪಕುಟುಂಬಗಳು ಎಂಬುದು ನಿಜ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಯಾವುದರ ಹೆಸರುಗಳು ಬಳಕೆಗೆ ಬರುತ್ತವೆ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಹಳೆಯ ಸಾಲದ ನೆನಪು

ಅವಸರದ ಹೆಸರುಗಳ ಬೆಲೆ ಏನೆಂದು ಕಣಜ ತಜ್ಞರಿಗೆ ಗೊತ್ತು. ಬ್ರಿಟನ್ನಿನ ಪೀಟರ್ ಕ್ಯಾಮರಾನ್ (1847–1912) ಮಧ್ಯ ಅಮೆರಿಕ ಮತ್ತು ಭಾರತ, ಎರಡೂ ಕಡೆಯ ಕಣಜಗಳಿಗೆ ರಾಶಿರಾಶಿಯಾಗಿ ಹೆಸರಿಟ್ಟವರು. ಅವರ ವಿವರಣೆಗಳು ಹಲವೆಡೆ ಬಣ್ಣ ಮತ್ತು ಮೇಲ್ಮೈಯನ್ನು ದಾಟಿ ಹೋಗುವುದಿಲ್ಲ. ಆ ಹೆಸರು ಯಾವ ಕಣಜದ್ದು ಎಂದು ತಿಳಿಯಲು ನಂತರದವರು ಲಂಡನ್ ಅಥವಾ ಆಕ್ಸ್‌ಫರ್ಡ್ ಸಂಗ್ರಹಾಲಯದ ಮೂಲ ಮಾದರಿಯನ್ನೇ ನೋಡಬೇಕಾಯಿತು. ಮೈಯರ್ ತಂಡ ಎಚ್ಚರಿಸುವುದು ಇದನ್ನೇ: ಇಂದಿನ ತೆಳುವಾದ ವಿವರಣೆ ನಾಳಿನವರ ತಲೆಗೆ ಕಟ್ಟುವ ಸಾಲ. ಶತಮಾನದ ಹಿಂದಿನ ಒಣ ಮಾದರಿಯಿಂದ ಬಾರ್‌ಕೋಡ್ ಪಡೆಯುವುದು ಸುಲಭವಲ್ಲ. ಹಳೆಯ ಹೆಸರಿಗೆ ಬಾರ್‌ಕೋಡ್ ಇಲ್ಲ, ಹೊಸ ಹೆಸರಿಗೆ ವರ್ಣನೆ ಇಲ್ಲ ಎಂದಾದರೆ ಎರಡನ್ನೂ ಹೋಲಿಸುವುದು ಹೇಗೆ?

ವ್ಯಾಪ್ತಿಯ ದಾಖಲೆ ಮತ್ತು ನಮ್ಮ ನಾಡು

ಒಂದು ಕೀಟದ ವ್ಯಾಪ್ತಿಯ ನಕ್ಷೆಯಲ್ಲಿ ಕಾಣುವ ಪ್ರತಿ ಚುಕ್ಕೆಯ ಹಿಂದೆ ಹೆಸರು, ಸ್ಥಳ, ದಿನಾಂಕ ಮತ್ತು ಕಾಪಾಡಿದ ಮಾದರಿ ಇರಬೇಕು. ಹೆಸರು ಅಲುಗಾಡಿದರೆ ಚುಕ್ಕೆಯೂ ಅಲುಗಾಡುತ್ತದೆ. ಇದರಿಂದ ರೈತನಿಗೂ ನಷ್ಟವಿದೆ ಎಂಬುದಕ್ಕೆ ನಮ್ಮ ಅನುಭವವನ್ನೇ ನೋಡಬಹುದು.

2008ರಲ್ಲಿ ದಕ್ಷಿಣ ಭಾರತದಲ್ಲಿ ಪರಂಗಿಯ ಹಿಟ್ಟು ತಿಗಣೆ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆ ಬೆಳೆಗಳನ್ನು ಹಾಳುಮಾಡಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಬ್ಯೂರೋ ಪೋರ್ಟೊರಿಕೊದಿಂದ ಮೂರು ಪ್ರಭೇದದ ಪರೋಪಜೀವಿ ಕಣಜಗಳನ್ನು ತರಿಸಿತು. ಅವುಗಳಲ್ಲಿ ಹೆಚ್ಚು ಯಶಸ್ವಿಯಾದ ಅಸೆರೊಫೇಗಸ್ ಪಪಾಯೆ ಎಂಬುದನ್ನು ಜಾನ್ ನೋಯ್ಸ್ ಮತ್ತು ಮೈಕೆಲ್ ಶಾಫ್ 2003ರಲ್ಲಷ್ಟೇ ವರ್ಣಿಸಿ ಹೆಸರಿಟ್ಟಿದ್ದರು. ಮೂರು ಬಗೆಯ ಪುಟ್ಟ ಕಣಜಗಳನ್ನು ಸಾಕಿ ಹಂಚುವಾಗ ಒಂದರಲ್ಲಿ ಇನ್ನೊಂದು ಬೆರೆಯಬಾರದು. ಅದನ್ನು ದಿನವೂ ನೋಡಿಕೊಳ್ಳುವವರಿಗೆ ಬೇಕಾದದ್ದು ಸೂಕ್ಷ್ಮದರ್ಶಕದಲ್ಲಿ ಕಾಣುವ ಲಕ್ಷಣ. ತೆಂಗಿನ ಕಪ್ಪುತಲೆ ಹುಳುವಿನ ವಿರುದ್ಧ ನಮ್ಮ ಪ್ರಯೋಗಾಲಯಗಳು ಬೆಳೆಸಿ ಬಿಡುವ ಗೋನಿಯೋಜಸ್ ಕಣಜಕ್ಕೂ ಇದೇ ಮಾತು ಸಲ್ಲುತ್ತದೆ. ಪ್ರತಿ ತಂಡದ ಕಾಲು ಮುರಿದು ಡಿಎನ್‌ಎ ಓದಿಸುವುದು ಅಲ್ಲಿ ಆಗುವ ಕೆಲಸವಲ್ಲ.

ಶಾಲೆ, ಕಾಲೇಜುಗಳಲ್ಲಿ ಕೀಟಗಳನ್ನು ದಾಖಲಿಸುವವರಿಗೂ ಇದರಲ್ಲಿ ಪಾಠವಿದೆ. ಕರಿಬೇವಿನ ಗಿಡದ ಹುಳುವನ್ನು ಬಟ್ಟೆ ಕಟ್ಟಿದ ಬಾಟಲಿಯಲ್ಲಿ ಸಾಕಿದಾಗ ಅದರಿಂದ ಕಣಜ ಹೊರಬಂದರೆ, ಊರು, ದಿನಾಂಕ, ಗಿಡ, ಹುಳು ಇಷ್ಟನ್ನೂ ಬರೆದು ಕಣಜವನ್ನು ಆಲ್ಕೋಹಾಲ್‌ನಲ್ಲಿ ಕಾಪಾಡಬೇಕು. ಛಾಯಾಚಿತ್ರ ಒಂದೇ ಇದ್ದರೆ ಇಂಥ ಕಣಜವನ್ನು ಬಹಳ ಸಲ ಕುಟುಂಬದವರೆಗೆ ಮಾತ್ರ ಗುರುತಿಸಬಹುದು. ‘ಬ್ರಾಕೊನಿಡೀ, ಪ್ರಭೇದ ತಿಳಿಯದು’ ಎಂದು ಬರೆದ ಚೀಟಿ, ಊಹೆಯ ಹೆಸರಿರುವ ಚೀಟಿಗಿಂತ ಮೇಲು. ನಿಜಕ್ಕೂ ಹೊಸದೆಂದು ತಜ್ಞರು ಹೇಳಿದರೆ, 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಅದನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು.

ಕೊನೆಯ ಮಾತು

ಶಾರ್ಕಿ ತಂಡದ ಕೃತಿಯನ್ನು ಅಮೂಲ್ಯ ಮಾಹಿತಿಯ ಉಗ್ರಾಣವೆಂದು ಸ್ವಾಗತಿಸಬೇಕು. ಅದರ ಆತಿಥೇಯ ದಾಖಲೆಗಳೂ ಬಾರ್‌ಕೋಡ್‌ಗಳೂ ಬಹುಕಾಲ ಉಪಯೋಗಕ್ಕೆ ಬರುತ್ತವೆ. ಆದರೆ ಪರೀಕ್ಷೆಗೊಳಪಡದ ಗುಂಪುಗಳಿಗೆ ಲ್ಯಾಟಿನ್ ಹೆಸರು ಕೊಡುವ ಅಗತ್ಯವಿರಲಿಲ್ಲ. ತಾತ್ಕಾಲಿಕ ಸಂಖ್ಯೆಯಿಂದಲೂ ನಕ್ಷೆ ಮಾಡಬಹುದು, ಎಣಿಕೆ ಮಾಡಬಹುದು. ತಪ್ಪಿದರೆ ತಿದ್ದುವುದೂ ಸುಲಭ. ಪ್ರಕಟವಾದ ಹೆಸರನ್ನು ಹಾಗೆ ಅಳಿಸಲು ಬರುವುದಿಲ್ಲ. ಇದನ್ನು ಟೀಕಿಸುವವರ ಮೇಲೂ ಒಂದು ಹೊಣೆ ಇದೆ. ಪೂರ್ಣ ವಿವರಣೆ ಬೇಕು ಎಂದು ಹೇಳಿ ಮಾದರಿಗಳನ್ನು ದಶಕಗಟ್ಟಲೆ ಕಪಾಟಿನಲ್ಲಿ ಇಟ್ಟರೆ ಅದೂ ನಷ್ಟವೇ. ಬಾರ್‌ಕೋಡ್‌ನಿಂದ ಬೇಗ ವಿಂಗಡಿಸಿ, ಪ್ರತಿ ಗುಂಪನ್ನೂ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ನಾಲ್ಕು ಮಾತಾದರೂ ಬರೆದು, ಕೀಲಿಯೊಡನೆ ಹೆಸರಿಡುವುದು ನಡುವಣ ದಾರಿ. ದೂರದ ಊರಿನಲ್ಲಿ ಸೂಕ್ಷ್ಮದರ್ಶಕ ಒಂದನ್ನೇ ಇಟ್ಟುಕೊಂಡು ಕೂತವರಿಗೂ ಆ ಹೆಸರು ಕೆಲಸಕ್ಕೆ ಬರುತ್ತದೆ.