ಎರಡು ಮೂಲಗಳ ನಗರ: ವಿಲ್ಲಾನಿ ಚರಿತ್ರೆಯ ಸಚಿತ್ರ ಹಸ್ತಪ್ರತಿಯಲ್ಲಿ ಐತಿಹ್ಯ ಮತ್ತು ಪೌರಪ್ರಜ್ಞೆ

ನಗರವೊಂದರ ಹುಟ್ಟಿನ ಕಥೆಯೊಳಗೆ, ಯಾರು ಮೂಲದವರು, ಯಾರು ಬಂದು ಸೇರಿದವರು ಎಂಬ ತೀರ್ಪೊಂದು ಅಡಗಿರುತ್ತದೆ. ಇಟಲಿಯ ಮಧ್ಯಯುಗೀನ ನಗರರಾಜ್ಯಗಳು ತಮ್ಮ ಮೂಲವನ್ನು ಟ್ರಾಯ್ ಮತ್ತು ರೋಮ್‌ಗಳ ಐತಿಹ್ಯಗಳಲ್ಲಿ ಅರಸಿದ ಬಗೆಯನ್ನು ಪರಿಶೀಲಿಸುವವರಿಗೆ ವ್ಯಾಟಿಕನ್ ಗ್ರಂಥಾಲಯದ ಕೀಜಿ ಸಂಗ್ರಹದಲ್ಲಿರುವ ಒಂದು ಹಸ್ತಪ್ರತಿ ಮುಖ್ಯ ಆಕರ. ಫ್ಲಾರೆನ್ಸಿನ ವರ್ತಕ ಜೊವಾನ್ನಿ ವಿಲ್ಲಾನಿ ಬರೆದ ‘ನುವೊವಾ ಕ್ರೋನಿಕಾ’ದ ಈ ಪ್ರತಿ 14ನೇ ಶತಮಾನದ ಮಧ್ಯಭಾಗದ್ದು. ಇದರಲ್ಲಿ ಸುಮಾರು 250 ವರ್ಣಚಿತ್ರಗಳಿವೆ. ಅವನ್ನು ಪಚಿನೊ ದಿ ಬುವೊನಾಗ್ವಿದಾನ ಚಿತ್ರಶಾಲೆಗೆ ಸಂಬಂಧಿಸಿದವೆಂದು ಕಲಾಚರಿತ್ರಕಾರರು ಗುರುತಿಸಿದ್ದಾರೆ.

1300ರ ಜಯಂತಿ ವರ್ಷದಲ್ಲಿ ರೋಮ್ ಯಾತ್ರೆ ಮಾಡಿದಾಗ ತನ್ನ ಊರಿನ ಚರಿತ್ರೆ ಬರೆಯುವ ಸಂಕಲ್ಪ ಮೂಡಿತೆಂದು ವಿಲ್ಲಾನಿ ಹೇಳಿಕೊಂಡಿದ್ದಾನೆ. 1348ರ ಮಹಾಮಾರಿಗೆ ಬಲಿಯಾಗುವವರೆಗೂ ಅವನು ಆ ಕೆಲಸವನ್ನು ಬಿಡಲಿಲ್ಲ. ಸಾಮಗ್ರಿ ಹಳೆಯದು: 13ನೇ ಶತಮಾನದ ಲ್ಯಾಟಿನ್ ಮೂಲಕಥನಗಳು ಅವನಿಗಿಂತ ಮೊದಲೇ ದೇಶಭಾಷೆಗೆ ಇಳಿದಿದ್ದವು. ವಿಲ್ಲಾನಿಯೂ ಲ್ಯಾಟಿನ್ನನ್ನು ಬಿಟ್ಟು ಫ್ಲಾರೆನ್ಸಿನ ಆಡುನುಡಿಯಲ್ಲೇ ಬರೆದನು. ಹೀಗಾಗಿ ವಿದ್ವಾಂಸರ ಸ್ವತ್ತಾಗಿದ್ದ ಐತಿಹ್ಯ ಅಂಗಡಿಯ ಲೆಕ್ಕಪತ್ರ ಓದಬಲ್ಲ ಪೌರನ ಸ್ವತ್ತೂ ಆಯಿತು.

ಐತಿಹ್ಯದ ಚೌಕಟ್ಟು ಹೀಗಿದೆ. ಬಾಬೆಲ್ ಗೋಪುರದ ಬಳಿಕ ಜನ ಚದುರಿದಾಗ ಅಟ್ಲಾಸನು ಬಂದು ಬೆಟ್ಟದ ಮೇಲೆ ಫಿಯೆಸೊಲೆಯನ್ನು ಕಟ್ಟಿದನು. ಅವನ ಮಗ ದಾರ್ದಾನುಸ್ ಅಲ್ಲಿಂದ ಹೊರಟು ಟ್ರಾಯ್ ನಗರವನ್ನು ಸ್ಥಾಪಿಸಿದನು. ಟ್ರಾಯ್ ಅಳಿದ ಮೇಲೆ ಅದರ ಸಂತತಿಯಿಂದ ರೋಮ್ ಹುಟ್ಟಿತು. ಸೀಸರನ ಕಾಲದಲ್ಲಿ ರೋಮನ್ನರು ಫಿಯೆಸೊಲೆಯನ್ನು ಕೆಡವಿ, ಕೆಳಗಿನ ಬಯಲಲ್ಲಿ ಫ್ಲಾರೆನ್ಸನ್ನು ಕಟ್ಟಿ, ಗೆದ್ದವರನ್ನೂ ಸೋತವರನ್ನೂ ಅಲ್ಲಿ ಒಟ್ಟಿಗೆ ನೆಲೆಗೊಳಿಸಿದರು. ಈ ವಂಶಾವಳಿಯ ಪ್ರಕಾರ ಫಿಯೆಸೊಲೆ ಟ್ರಾಯ್‌ನ ತಾಯಿ, ಆದ್ದರಿಂದ ರೋಮಿಗೂ ಹಿರಿಯಳು. ಆದರೂ ವಿಲ್ಲಾನಿ ಫ್ಲಾರೆನ್ಸಿನ ಸಕಲ ಒಳಜಗಳಕ್ಕೆ ಈ ಎರಡು ಜನಗಳ ಬೆರಕೆಯೇ ಕಾರಣವೆನ್ನುತ್ತಾನೆ. ಡಾಂಟೆಯ ‘ಇನ್ಫೆರ್ನೊ’ದಲ್ಲಿಯೂ ಇದೇ ಆರೋಪ ಇನ್ನಷ್ಟು ಕಟುವಾಗಿ ಕೇಳಿಬರುತ್ತದೆ. ಅಭಿಮಾನಕ್ಕೆ ಬೇಕಾದಾಗ ಫಿಯೆಸೊಲೆ ಪೂರ್ವಜರ ಊರು. ದೂಷಣೆಗೆ ಬೇಕಾದಾಗ ಒಳಗಿನ ಪರಕೀಯರ ಊರು. ಕಥನದ ಈ ಬಿರುಕನ್ನು ವಿಲ್ಲಾನಿ ಮುಚ್ಚಲಾರ.

ಚಿತ್ರಗಳ ಮಹತ್ವ ಇಲ್ಲಿಯೇ ಇರುವುದು. ಚಿತ್ರಕಾರ ಪ್ರಾಚೀನರಿಗೆ ತನ್ನ ಕಾಲದ ಉಡುಪು ತೊಡಿಸುತ್ತಾನೆ. ಟೋಟಿಲನು ಕೆಡವಿದ, ಷಾರ್ಲಮೇನನು ಮತ್ತೆ ಕಟ್ಟಿಸಿದನೆನ್ನುವ ನಗರಕ್ಕೆ ಓದುಗನ ಕಣ್ಣಿಗೆ ಪರಿಚಿತವಾದ ಕೋಟೆಗೋಡೆಗಳನ್ನೇ ಕೊಡುತ್ತಾನೆ. ಇದನ್ನು ಕಾಲಪ್ರಜ್ಞೆಯ ಕೊರತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಪರಿಣಾಮ ಗಮನಾರ್ಹ: ಐತಿಹ್ಯದ ನಗರವೂ ಓದುಗ ದಿನವೂ ನಡೆದಾಡುವ ನಗರವೂ ಒಂದಾಗುತ್ತವೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಚಿತ್ರಪರಂಪರೆಯಲ್ಲಿ ಪಕ್ಷಗಳನ್ನು ಬೇರ್ಪಡಿಸುವುದು ಗುರಾಣಿ, ಬಾವುಟಗಳ ಲಾಂಛನ, ಮುಖಲಕ್ಷಣವಲ್ಲ. ಬರೆಹ ರಕ್ತದಲ್ಲಿ ಕಾಣುವ ಭೇದವನ್ನು ಕುಂಚ ಬಟ್ಟೆಯ ಮೇಲಷ್ಟೇ ತೋರಿಸಬಲ್ಲದು.

ಲಾಂಛನ ಬದಲಾಗಬಲ್ಲದು ಎಂಬುದಕ್ಕೆ ವಿಲ್ಲಾನಿಯ ಬರೆಹವೇ ಸಾಕ್ಷಿ. ಅವನ ಪ್ರಕಾರ 1010ರಲ್ಲಿ ಫ್ಲಾರೆನ್ಸ್ ಫಿಯೆಸೊಲೆಯನ್ನು ಗೆದ್ದ ಬಳಿಕ, ಒಂದರ ಕೆಂಪು ನೆಲದ ಬಿಳಿ ಲಿಲಿ, ಇನ್ನೊಂದರ ಬಿಳಿ ನೆಲದ ನೀಲಿ ಚಂದ್ರ ಎರಡನ್ನೂ ಕೈಬಿಟ್ಟು, ಕೆಂಪು-ಬಿಳಿ ಬಣ್ಣಗಳನ್ನು ಜೋಡಿಸಿ ಸಮಾನ ಲಾಂಛನ ಮಾಡಲಾಯಿತು. ವಾಸ್ತವದಲ್ಲಿ ಫಿಯೆಸೊಲೆ ಸೋತದ್ದು 1125ರಲ್ಲಿ. ವರ್ಷ ತಪ್ಪಿದ್ದರೂ ಕಥೆಯ ಆಶಯ ಸ್ಪಷ್ಟ: ಕೂಡಿ ಬಾಳಲು ಎರಡೂ ಕಡೆಯವರು ತಮ್ಮ ಗುರುತಿನ ಒಂದಂಶವನ್ನು ಬಿಟ್ಟುಕೊಟ್ಟರು. ಬೆರಕೆಯನ್ನು ದೂರುವ ಚರಿತ್ರಕಾರನೇ ಬೆರಕೆಯ ಒಪ್ಪಂದವನ್ನೂ ದಾಖಲಿಸಿದ್ದಾನೆ.

1216ರ ಬುವೊಂದೆಲ್ಮೊಂತೆ ಕೊಲೆಯ ಚಿತ್ರದಲ್ಲಿ ಐತಿಹ್ಯ ಮತ್ತು ಚರಿತ್ರೆ ಮುಖಾಮುಖಿಯಾಗುತ್ತವೆ. ಗ್ವೆಲ್ಫ್-ಗಿಬೆಲ್ಲೀನ್ ಕಲಹಕ್ಕೆ ನಾಂದಿಯೆನಿಸಿದ ಈ ಕೊಲೆ ನಡೆದದ್ದು ಹಳೆಯ ಸೇತುವೆಯ ಬಳಿಯ ವಿಗ್ರಹದ ಬುಡದಲ್ಲಿ. ಅದನ್ನು ಜನ ನಗರದ ಆದಿದೇವತೆ ಮಾರ್ಸ್ ಎಂದು ನಂಬಿದ್ದರು. 1333ರ ನೆರೆಯಲ್ಲಿ ಆ ವಿಗ್ರಹ ಆರ್ನೊ ನದಿಯ ಪಾಲಾಗಿತ್ತು. ಚಿತ್ರಕಾರ ಇಲ್ಲದ ವಿಗ್ರಹವನ್ನು ಮರಳಿ ನಿಲ್ಲಿಸಿದನು. ಆದರೆ ಕೊಲೆಗೆ ಕಾರಣ ಮುರಿದುಬಿದ್ದ ಒಂದು ವಿವಾಹನಿಶ್ಚಯ, ಅವಮಾನಗೊಂಡ ಒಂದು ಮನೆತನ. ಮಾರ್ಸನ ಕೋಪವಾಗಲಿ ಫಿಯೆಸೊಲೆಯ ರಕ್ತವಾಗಲಿ ಅದಕ್ಕೆ ಬೇಕಿರಲಿಲ್ಲ.

ಪಾದುವಾ ಬೇರೊಂದು ದಾರಿ ಹಿಡಿಯಿತು. ಟ್ರಾಯ್‌ನಿಂದ ಬಂದ ಆಂತೆನೋರನನ್ನು ಅದು ಸ್ಥಾಪಕನೆಂದು ಒಪ್ಪಿ, 13ನೇ ಶತಮಾನದ ಕೊನೆಯ ಭಾಗದಲ್ಲಿ ಅವನದೆಂದು ನಂಬಿದ ಅಸ್ಥಿಗಳಿಗೆ ಸಮಾಧಿ ಕಟ್ಟಿತು. ಮಧ್ಯಯುಗದ ಕಥೆಗಳಲ್ಲಿ ಆಂತೆನೋರ ತವರಿಗೆ ದ್ರೋಹ ಬಗೆದವನು. ಡಾಂಟೆ ದೇಶದ್ರೋಹಿಗಳ ನರಕಭಾಗಕ್ಕೆ ಅವನ ಹೆಸರನ್ನೇ ಇಟ್ಟನು. ಆದರೂ ಆ ವಲಸಿಗನನ್ನು ಪಾದುವಾ ಬಿಟ್ಟುಕೊಡಲಿಲ್ಲ.

ಮೂಲಕಥೆ ಸತ್ಯವೇ ಎಂಬ ಪ್ರಶ್ನೆಗೆ ಉತ್ತರ ಸುಲಭ: ಫಿಯೆಸೊಲೆ ಎಟ್ರಸ್ಕನ್ನರ ಊರು, ಫ್ಲಾರೆನ್ಸ್ ರೋಮನ್ನರ ವಸಾಹತು. ಅದನ್ನು ಯಾರ ವಿರುದ್ಧ ಹೇಳಲಾಗುತ್ತಿದೆ ಎಂಬುದು ಹೆಚ್ಚು ತೂಕದ ಪ್ರಶ್ನೆ. ತಲೆಮಾರುಗಳಿಂದ ನೆಲೆಸಿದ ನೆಲದಲ್ಲಿಯೇ ಮೂಲವನ್ನು ಸಾಬೀತುಪಡಿಸಬೇಕಾಗುವ ಗಡಿನಾಡಿನ ಓದುಗರಿಗೆ ಆ ಪ್ರಶ್ನೆ ಹೊಸದಲ್ಲ. ಕೀಜಿ ಹಸ್ತಪ್ರತಿಯ ಬರೆಹ ನೆರೆಯವನನ್ನು ಮುನ್ನೂರು ವರ್ಷಗಳ ನಂತರವೂ ಸೋತವರ ಮಗನೆಂದೇ ಕರೆಯುತ್ತದೆ; ಅದೇ ಪುಟದ ಚಿತ್ರ ಅವನನ್ನು ಅದೇ ಗೋಡೆಯೊಳಗೆ, ಅದೇ ಉಡುಪಿನಲ್ಲಿ ನಿಲ್ಲಿಸುತ್ತದೆ.